ಅಟ್ಟದಿಂದ ಇಳಿಸಿದ ಹಾರ್ಮೋನಿಯಂ, ಬಚ್ಚಲ ಗೋಡೆ ಮತ್ತು ಐದು ಕಪ್ಪು ಮನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಗಾರನಲ್ಲ. ಚಿಕ್ಕವನಿದ್ದಾಗ ಸರಳೆ, ಜಂಟಿವರಸೆ ಮುಗಿಸಿ ಅಲಂಕಾರಕ್ಕೆ ಬರುವಷ್ಟರಲ್ಲಿ ಪಾಠ ನಿಂತಿತು. ಆಮೇಲೆ ತೋಟ, ಅಡಿಕೆ, ಸಂಸಾರ. ಆದರೆ ದಿನಕ್ಕೊಂದು ಹತ್ತು ನಿಮಿಷ ಕೂತು, ಯಾರದ್ದೋ ಹಾಡಲ್ಲ, ನನ್ನದೇ ಅಂತ ಒಂದು ಸಾಲು ರಾಗ ಕಟ್ಟಬೇಕು ಅನ್ನುವ ಆಸೆ ಮಾತ್ರ ಹೋಗಿರಲಿಲ್ಲ. ಫೋನಿನಲ್ಲಿ ಪಿಯಾನೊ ಆ್ಯಪ್ ಹಾಕಿಕೊಂಡರೆ ನಾಲ್ಕು ಸ್ವರ ಒತ್ತುವಷ್ಟರಲ್ಲಿ ಯಾರದ್ದೋ ಮೆಸೇಜು. ಎಲೆಕ್ಟ್ರಾನಿಕ್ ಕೀಬೋರ್ಡಿಗೆ ಅಡಾಪ್ಟರ್ ಹುಡುಕಬೇಕು, ಪ್ಲಗ್ ಪಾಯಿಂಟ್ ಹುಡುಕಬೇಕು, ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿನ ನಮ್ಮಂಥ ಊರಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಕರೆಂಟು ಹೋದರೆ ಅದು ಸುದ್ದಿಯಲ್ಲ, ಇದ್ದರೆ ಸುದ್ದಿ.

ಅಟ್ಟದ ಮೇಲೆ ಅಜ್ಜನ ಹಾರ್ಮೋನಿಯಂ ಇತ್ತು. ಅದಕ್ಕೆ ಕರೆಂಟು ಬೇಡ, ಚಾರ್ಜು ಬೇಡ. ಸರಿಯಿದ್ದರೆ ಒಂದು ಸಲ ತಿದಿ ಒತ್ತಿದರೆ ಸಾಕು, ದನಿ ಬರಬೇಕು. ಹತ್ತು ನಿಮಿಷದ ಅಭ್ಯಾಸಕ್ಕೆ ಐದು ನಿಮಿಷದ ತಯಾರಿ ಬೇಕು ಅಂತಾದರೆ ಅದು ಒಂದು ವಾರವೂ ನಡೆಯುವುದಿಲ್ಲ. ಹಾಗಾಗಿ ಈ ರಿಪೇರಿಗೆ ನಾನು ಇಟ್ಟುಕೊಂಡ ಗುರಿ ಕಛೇರಿ ಮಟ್ಟದ ನಾದ ಅಲ್ಲ. ಜುಲೈ ತಿಂಗಳ ಥಂಡಿಯಲ್ಲೂ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ಕೂತರೂ, ಮೊದಲ ಒತ್ತಿಗೆ ದನಿ ಕೊಡಬೇಕು. ಅಷ್ಟೇ. ಅದಕ್ಕೆ ಏನೇನು ಮಾಡಿದೆ, ಎಲ್ಲಿ ಇಟ್ಟೆ, ಈಗ ಏನು ನುಡಿಸುತ್ತೇನೆ ಅನ್ನೋದು ಇಲ್ಲಿದೆ.

ಪೆಟ್ಟಿಗೆಯ ಜಾತಕ

ಸಾಗುವಾನಿ ಪೆಟ್ಟಿಗೆ. ಮೂರು ಸಪ್ತಕ, 37 ಮನೆ (ಬೆರಳಲ್ಲಿ ಒತ್ತುವ ಕೀಲಿಗೆ ಮನೆ ಅನ್ನುತ್ತೇವೆ), ಎರಡು ಲೈನು ರೀಡು, ಅಂದರೆ ದನಿ ಹುಟ್ಟಿಸುವ ಹಿತ್ತಾಳೆ ನಾಲಿಗೆ: ಒಂದು ತಗ್ಗು ದನಿಯ ಬಾಸ್, ಇನ್ನೊಂದು ಅದಕ್ಕಿಂತ ಒಂದು ಸಪ್ತಕ ಎತ್ತರದ ದನಿಯ ಮೇಲ್. ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಇಲ್ಲ, ಅದೇ ಒಳ್ಳೆಯದಾಯಿತು, ಬಿಚ್ಚುವುದು ಸುಲಭ. ತಯಾರಕರ ಚೀಟಿಯನ್ನು ಹುಳ ತಿಂದು ಮೂಲೆಯ ಹೂವಿನ ಚಿತ್ತಾರ ಮಾತ್ರ ಉಳಿಸಿದೆ.

ಹಾರ್ಮೋನಿಯಂ ಯುರೋಪಿನಿಂದ ಬಂದಾಗ ಕಾಲಲ್ಲಿ ತುಳಿಯುವ ಮೇಜಿನಂಥ ವಾದ್ಯ. ನೆಲದ ಮೇಲೆ ಕೂತು ಎಡಗೈಯಲ್ಲಿ ಗಾಳಿ ಹಾಕಿ ಬಲಗೈಯಲ್ಲಿ ನುಡಿಸುವ ಹಾಗೆ ಮಾಡಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್, 1875ರಲ್ಲಿ. ಆಮೇಲೆ ಇದು ನಾಟಕ ಕಂಪನಿಗೆ, ಭಜನೆ ಮನೆಗೆ, ಹರಿಕಥೆಗೆ ಎಲ್ಲ ಕಡೆ ಹೊಕ್ಕಿತು. ಆಕಾಶವಾಣಿ ಮಾತ್ರ 1940ರಿಂದ 1971ರವರೆಗೆ ಇದನ್ನು ಹೊರಗೇ ಇಟ್ಟಿತ್ತು. ಇದರಲ್ಲಿ ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಗಮಕ ಇಲ್ಲ ಅನ್ನೋದು ದೊಡ್ಡ ದೂರು. ದೂರು ನಿಜವೇ. ಆದರೆ ನನ್ನಂಥವನಿಗೆ ಆ ಕೊರತೆಯೇ ಅನುಕೂಲ, ಬೆರಳು ಇಟ್ಟ ಕಡೆ ಸ್ವರ ಗಟ್ಟಿಯಾಗಿ ನಿಂತಿರುತ್ತದೆ, ಅಪಸ್ವರ ಹಿಡಿಯುವ ಭಯವಿಲ್ಲ.

ಗಾಳಿ ಎಲ್ಲಿ ಹೋಗುತ್ತಿದೆ

ಬಿಚ್ಚುವ ಮೊದಲೇ ಒಂದು ಪರೀಕ್ಷೆ ಮಾಡಬೇಕು, ಇದು ಬಹಳ ಕೆಲಸ ಉಳಿಸುತ್ತದೆ. ಮುಂದಿನ ಸ್ಟಾಪ್ ಗುಂಡಿಗಳನ್ನೆಲ್ಲ ಒಳಗೆ ತಳ್ಳಿ ಮುಚ್ಚಿ. ತಿದಿ ಒತ್ತಿ ಒಳಗಿನ ತಿದಿಯನ್ನು ತುಂಬಿಸಿ. ಈಗ ಗಾಳಿಗೆ ಹೋಗಲು ದಾರಿ ಇಲ್ಲ, ಅದು ಹಾಗೇ ನಿಲ್ಲಬೇಕು. ನಿಲ್ಲದೆ ಬೇಗ ಇಳಿದರೆ ತಿದಿಯಲ್ಲೋ ಅದರ ಕವಾಟದಲ್ಲೋ ತೂತಿದೆ. ನಿಂತಿತು ಅಂದರೆ, ಸ್ಟಾಪ್ ಎಳೆದು ಯಾವ ಮನೆಯನ್ನೂ ಒತ್ತದೆ ಕಿವಿಗೊಡಿ. ಸುಸ್ಸ್ ಅಂದರೆ ಮನೆಗಳ ಕೆಳಗಿನ ಪ್ಯಾಡು ಸರಿಯಾಗಿ ಕೂತಿಲ್ಲ. ನಮ್ಮದು ಎರಡರಲ್ಲೂ ಫೇಲು. ಒಳ ತಿದಿ ಮೂರು ಎಣಿಸುವಷ್ಟರಲ್ಲಿ ಕುಸಿಯುತ್ತಿತ್ತು.

ಊರಿನ ಆಚಾರ್ರಿಗೆ ತೋರಿಸಿದೆ. ಅವರು ಪೆಟ್ಟಿಗೆಯನ್ನು ಮೇಲೆ ಕೆಳಗೆ ನೋಡಿ, "ಎಂತ ಮಾರಾಯ್ರೇ, ಇದನ್ನ ಪಾಲೀಶ್ ಹೊಡೆದು ಷೋಕೇಸಲ್ಲಿ ಇಡಿ, ಚೆಂದ ಕಾಣ್ತದೆ" ಅಂದರು.

"ಚೆಂದ ಕಾಣೋದು ಬೇಡ ಆಚಾರ್ರೇ, ದಿನಾ ಬೆಳಿಗ್ಗೆ ನುಡಿಸೋಕೆ ಬೇಕು" ಅಂದೆ.

"ಹಾಗಾದ್ರೆ ಪಾಲೀಶ್ ಬೇಡ, ಬಿಚ್ಚುವ" ಅಂತ ಅಲ್ಲೇ ಉಳಿ ಕೆಳಗಿಟ್ಟು ಸ್ಕ್ರೂ ಡ್ರೈವರ್ ತಗೊಂಡರು. ಮರದ ಕೆಲಸ ಅವರದ್ದು, ಗಾಳಿ ಮತ್ತು ಸ್ವರದ ಕೆಲಸ ನನ್ನದು ಅಂತ ಹಂಚಿಕೊಂಡೆವು.

ಹೊರಗಿನ ತಿದಿಯ ಹಲಗೆಯಲ್ಲಿ ಗಾಳಿ ಒಳಗೆ ಹೋಗಲು ತೂತುಗಳಿರುತ್ತವೆ, ಒಳಗಡೆಯಿಂದ ತೊಗಲಿನ ಪಟ್ಟಿ ಮುಚ್ಚಿಕೊಂಡಿರುತ್ತದೆ. ತಿದಿ ಅಗಲಿಸಿದಾಗ ಪಟ್ಟಿ ತೆರೆಯುತ್ತದೆ, ಒತ್ತಿದಾಗ ಮುಚ್ಚುತ್ತದೆ. ಒಂದು ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಸುಣ್ಣದ ಕಡ್ಡಿಯಿಂದ ಕೆರೆದರೆ ಗೂಡಿನೊಳಗೆ ಒಣಗಿದ ಕೋಶದ ಸಿಪ್ಪೆ, ಅದರ ಹಿಂದೆ ತೊಗಲಿನ ಪಟ್ಟಿಗೆ ಮಣ್ಣು ಮೆತ್ತಿ ಅದು ಅರ್ಧ ತೆರೆದುಕೊಂಡೇ ಗಟ್ಟಿಯಾಗಿ ಕೂತುಬಿಟ್ಟಿತ್ತು. ಎಷ್ಟು ವರ್ಷದಿಂದಲೋ. ಒತ್ತಿದ ಗಾಳಿ ಅರ್ಧ ಅಲ್ಲೇ ವಾಪಸ್ ಬರುತ್ತಿತ್ತು.

ಉಳಿದ ಸೋರಿಕೆ ಹುಡುಕಲು ಊದಿನಕಡ್ಡಿ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ತಿದಿಯನ್ನು ನಿಧಾನ ಒತ್ತುತ್ತಾ ಕಡ್ಡಿಯನ್ನು ಒಂದೊಂದೇ ಮಡಿಕೆಯ ಪಕ್ಕ ಸಾಗಿಸಬೇಕು. ಹೊಗೆ ನೆಟ್ಟಗೆ ಏರುತ್ತಿದ್ದರೆ ಸರಿ. ಕೆಳಗಿನ ಎಡ ಮೂಲೆಯಲ್ಲಿ ಹೊಗೆ ಫಕ್ಕನೆ ಅಡ್ಡ ಹಾರಿತು. ಬೆಳಕು ಹಿಡಿದು ನೋಡಿದರೆ ಮಡಿಕೆಯ ಮೂಲೆಯ ತೊಗಲು ಸವೆದು ಸೂಜಿ ಮೊನೆಯಷ್ಟು ತೂತು. ಜಿರಳೆಗೆ ಈ ಹಳೇ ಅಂಟು ಅಂದರೆ ಪ್ರಾಣ, ಅದು ತಿಂದ ಗುರುತು ಸುತ್ತಲೂ ಇತ್ತು.

ಹಳೇ ಪೆಟ್ಟಿಗೆಗಳಲ್ಲಿ ಪ್ರಾಣಿಜನ್ಯ ಅಂಟು ಹಾಕಿರುತ್ತಾರೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗಿ ತೊಗಲು ತಾನಾಗಿ ಬಿಡುತ್ತದೆ, ಕಿತ್ತು ಎಳೆಯಬಾರದು, ಕೆಳಗಿನ ರಟ್ಟು ಹರಿಯುತ್ತದೆ. ಹೊಸ ತೊಗಲಿಗೆ ಮೃದಂಗ ತಬಲಾಕ್ಕೆ ಹಾಕುವ ತೊಗಲು ಆಗುವುದಿಲ್ಲ, ಅದು ಹದ ಮಾಡದ್ದು, ಒಣಗಿದರೆ ಬಿರುಸು. ಇಲ್ಲಿ ಬೇಕಾದ್ದು ಹದ ಮಾಡಿದ ಮೆತ್ತನೆಯ ಮೇಕೆ ತೊಗಲು. ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರ್ ಕಡೆ ಚಪ್ಪಲಿ ಹೊಲಿಯುವ ಸಾಮಾನಿನ ಅಂಗಡಿಯಲ್ಲಿ ಶೂಗಳ ಒಳಪದರಕ್ಕೆ ಹಾಕುವ ತೆಳು ತೊಗಲು ಸಿಕ್ಕಿತು, ಬೆರಳಿಗೆ ಸುತ್ತಿದರೆ ಸುಕ್ಕಿಲ್ಲದೆ ಸುತ್ತುವಂಥದ್ದು. ಅದರ ಅಂಚನ್ನು ಬ್ಲೇಡಿನಲ್ಲಿ ಕೆರೆದು ಇನ್ನೂ ತೆಳುವು ಮಾಡಿ ಅಂಟಿಸಬೇಕು. ಇಲ್ಲದಿದ್ದರೆ ಮಡಿಕೆ ಮುಚ್ಚುವಾಗ ಅಲ್ಲೇ ಉಬ್ಬುತ್ತದೆ. ಅಂಟು ನಾನು ಫೆವಿಕಾಲ್ ಹಾಕಿದೆ. ಶುದ್ಧ ಪದ್ಧತಿಯವರು ಬೈಯಬಹುದು, ಮುಂದೆ ಯಾರಾದರೂ ಬಿಚ್ಚಬೇಕಾದರೆ ಹಳೇ ಅಂಟಿನಷ್ಟು ಸುಲಭವಾಗಿ ಬಿಡುವುದಿಲ್ಲ ಅನ್ನೋದೂ ಗೊತ್ತು. ಆದರೆ ಇದನ್ನು ಜಿರಳೆ ಮುಟ್ಟುವುದು ಕಮ್ಮಿ, ನನಗೆ ಅದು ಮುಖ್ಯ.

ಕವಾಟದ ಪಟ್ಟಿಗೆ ಮಾತ್ರ ಒಂದು ಅಂಚಿಗಷ್ಟೇ ಅಂಟು. ಉಳಿದದ್ದು ರೆಪ್ಪೆ ಥರ ಎದ್ದು ಬೀಳುತ್ತಿರಬೇಕು.

ಪ್ಯಾಡುಗಳ ಫೆಲ್ಟು ಹುಳ ತಿಂದು ಜರಡಿಯಾಗಿತ್ತು, ಪೂರ್ತಿ ಬದಲಿಸಿದೆ. ಕೂತಿದೆಯಾ ಇಲ್ಲವಾ ನೋಡಲು ಬಸ್ ಟಿಕೆಟ್ ಸಾಕು. ಆ ತೆಳು ಕಾಗದವನ್ನು ಉದ್ದಕ್ಕೆ ಸೀಳಿ ಪ್ಯಾಡಿನ ಕೆಳಗಿಟ್ಟು ಮನೆ ಬಿಟ್ಟು ಎಳೆಯಿರಿ, ಹಿಡಿದು ಬಂದರೆ ಸರಿ, ಸಲೀಸಾಗಿ ಜಾರಿದರೆ ಆ ಬದಿ ಎತ್ತಿಕೊಂಡಿದೆ. ಪ್ಯಾಡಿನ ನಾಲ್ಕೂ ಬದಿ ಹೀಗೆ ನೋಡಬೇಕು. ಬೇಜಾರಿನ ಕೆಲಸ, ರೇಡಿಯೊ ಹಾಕಿಕೊಂಡು ಮಾಡಿ.

ರೀಡು

ಮನೆಗಳ ಹಲಗೆಯನ್ನು ಎತ್ತಿ ಬೋರಲು ಹಾಕಿದರೆ ರೀಡುಗಳ ಸಾಲು ಕಾಣುತ್ತದೆ. ಹಿತ್ತಾಳೆ ತಟ್ಟೆ, ಅದರಲ್ಲಿ ಉದ್ದ ಸೀಳು, ಸೀಳಿನ ಮೇಲೆ ಒಂದು ತುದಿಯನ್ನು ಮಾತ್ರ ಬಡಿದು ಕೂರಿಸಿದ ಹಿತ್ತಾಳೆ ನಾಲಿಗೆ. ಗಾಳಿ ನುಗ್ಗಿದಾಗ ನಾಲಿಗೆ ಆ ಸೀಳಿನಲ್ಲಿ ಒಳಗೆ ಹೊರಗೆ ಬಡಿದಾಡುತ್ತದೆ, ಅದೇ ದನಿ. ಗುಜರಾತಿನ ಪಾಲಿತಾಣಾ ಈ ರೀಡುಗಳಿಗೇ ಹೆಸರಾದ ಊರು.

ನಮ್ಮ ರೀಡುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅಮ್ಮ ನೋಡಿದವಳೇ, "ಹುಣಸೆಹಣ್ಣು ಹಾಕಿ ತಿಕ್ಕೋ, ದೀಪದ ಕಂಬದ ಹಾಗೆ ಫಳಫಳ ಆಗ್ತದೆ" ಅಂದಳು. ದೀಪಕ್ಕೆ ಸರಿ, ರೀಡಿಗೆ ಬೇಡ. ಹುಳಿ ನಾಲಿಗೆಯ ಬುಡದ ಸಂದಿಯಲ್ಲಿ ಉಳಿದುಕೊಂಡರೆ ಒಳಗಿಂದಲೇ ತಿನ್ನುತ್ತದೆ, ಮೇಲಾಗಿ ನಾಲಿಗೆಯ ದಪ್ಪ ಒಂದಿಷ್ಟು ಹೋದರೂ ಸ್ವರ ಬದಲಾಗುತ್ತದೆ. ಒಣ ಬ್ರಷ್, ಮೊಂಡಾದ ಕಡೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, ಅಷ್ಟೇ. ಹೊಳೆಯುವುದು ಬೇಕಿಲ್ಲ, ಸೀಳಿನ ಅಂಚು ಚೊಕ್ಕ ಆಗಬೇಕು. ಎಷ್ಟೋ ರೀಡುಗಳು ದನಿ ಬಿಟ್ಟಿದ್ದು ಆ ಸೀಳಿನಲ್ಲಿ ಸಿಕ್ಕಿಕೊಂಡ ಒಂದೇ ಒಂದು ಧೂಳಿನ ಎಳೆಯಿಂದ.

ಇನ್ನು ನನ್ನ ಗುರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಾಲಿಗೆಯ ಎತ್ತರ. ಸುಮ್ಮನಿದ್ದಾಗ ನಾಲಿಗೆಯ ತುದಿ ತಟ್ಟೆಯ ಮಟ್ಟಕ್ಕೆ ಸರಿಯಾಗಿ ಇರಬಾರದು, ಕೂದಲೆಳೆಯಷ್ಟು ಮೇಲೆದ್ದಿರಬೇಕು. ತೀರಾ ತಗ್ಗಿದ್ದರೆ ಜೋರಾಗಿ ಗಾಳಿ ಬಿಟ್ಟಾಗ ನಾಲಿಗೆ ಕಟ್ಟಿಕೊಂಡು ಮೂಕಾಗುತ್ತದೆ. ಜಾಸ್ತಿ ಎದ್ದಿದ್ದರೆ ಗಾಳಿ ಸುಮ್ನೆ ಸೋರಿಹೋಗಿ ದನಿ ತಡವಾಗಿ ಹುಟ್ಟುತ್ತದೆ, ಮನೆ ಒತ್ತಿ ಕಾಯಬೇಕಾಗುತ್ತದೆ. ಈ ಕಾಯುವಿಕೆ ಅರೆಕ್ಷಣದ್ದೇ, ಆದರೆ ಬೆರಳಿಗೆ ಗೊತ್ತಾಗುತ್ತದೆ, ಮತ್ತು ನುಡಿಸುವ ಹುಮ್ಮಸ್ಸನ್ನು ಕೊಲ್ಲುವುದು ಅದೇ. ತೆಳು ಸ್ಟೀಲ್ ಪಟ್ಟಿಯನ್ನು ನಾಲಿಗೆಯ ಕೆಳಗೆ ತೂರಿಸಿ ತುದಿಯನ್ನು ಮೆಲ್ಲಗೆ ಎತ್ತುವುದು, ಅಥವಾ ಮೇಲಿನಿಂದ ಉಗುರಲ್ಲಿ ಒತ್ತುವುದು, ಮತ್ತೆ ಕೂರಿಸಿ ನುಡಿಸಿ ನೋಡುವುದು. ಬಾಸ್ ರೀಡಿನ ನಾಲಿಗೆ ಉದ್ದ, ಅದಕ್ಕೆ ಎತ್ತರ ಸ್ವಲ್ಪ ಜಾಸ್ತಿ ಬೇಕು. ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ಹೊತ್ತು ನಾನು ಕಳೆದದ್ದು ಇಲ್ಲೇ, ಅದರಲ್ಲೂ ಕಪ್ಪು ಮನೆಗಳ ಮೇಲೆ. ಯಾಕೆ ಕಪ್ಪು ಅಂತ ಮುಂದೆ ಹೇಳುತ್ತೇನೆ.

ಶ್ರುತಿ

ನಾಲಿಗೆಯ ತುದಿ ಕೆರೆದರೆ ಅದು ಹಗುರಾಗಿ ಸ್ವರ ಏರುತ್ತದೆ, ಬುಡ ಕೆರೆದರೆ ಸಡಿಲಾಗಿ ಸ್ವರ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಯಾರು ಬೇಕಾದರೂ ಮಾಡಬಹುದು, ಕೆರೆದದ್ದು ವಾಪಸ್ ಬರುವುದಿಲ್ಲ ಅನ್ನೋದು ನೆನಪಿದ್ದರೆ ಸಾಕು. ಎರಡು ಸಲ ಕೆರೆಯಿರಿ, ಬ್ರಷ್ ಆಡಿಸಿ, ಕೈ ಬಿಸಿ ಆರಲಿ, ಹಲಗೆ ಕೂರಿಸಿ ಗಾಳಿ ಹಾಕಿ ಫೋನಿನ ಟ್ಯೂನರ್ ನೋಡಿ.

ಇಡೀ ಪೆಟ್ಟಿಗೆ ಈಗ ಎಲ್ಲರೂ ಶ್ರುತಿಗೆ ಆಧಾರವಾಗಿ ಹಿಡಿಯುವ 440 (ಸೆಕೆಂಡಿಗೆ ಇಷ್ಟು ಕಂಪನ) ಲೆಕ್ಕಕ್ಕಿಂತ ಸ್ವಲ್ಪ ಮೇಲೇ ಇತ್ತು. ಎಲ್ಲವನ್ನೂ 440ಕ್ಕೆ ಇಳಿಸಲು ಹೋದರೆ ಎಲ್ಲ ನಾಲಿಗೆಯನ್ನೂ ಕೆರೆಯಬೇಕು, ಅದರ ಆಯಸ್ಸು ಕಮ್ಮಿ ಮಾಡಿದ ಹಾಗೆ. ನಾನು ಒಬ್ಬನೇ ನುಡಿಸುವವನು, ಪಕ್ಕದಲ್ಲಿ ಕೊಳಲಿಲ್ಲ ಪಿಟೀಲಿಲ್ಲ. ಹಾಗಾಗಿ ಟ್ಯೂನರ್‌ನ ಆಧಾರವನ್ನೇ ಏರಿಸಿಕೊಂಡು, ದಾರಿ ತಪ್ಪಿದವನ್ನು ಮಾತ್ರ ಸಾಲಿಗೆ ತಂದೆ. ಬಾಸ್ ಮತ್ತು ಮೇಲ್ ಒಂದಕ್ಕೊಂದು ಸರಿಯಾಗಿ ಒಂದು ಸಪ್ತಕದ ಅಂತರದಲ್ಲಿ ಇಲ್ಲದಿದ್ದರೆ ದನಿ ವುಂವುಂ ಅಂತ ತೂಗುತ್ತದೆ. ಉದಾಹರಣೆಗೆ ಮೇಲ್ ರೀಡು 277ರಲ್ಲಿ ಇದೆ, ಬಾಸ್ 138ರಲ್ಲಿ. ಅದರ ಎರಡರಷ್ಟು 276. ಒಂದರ ವ್ಯತ್ಯಾಸ, ಸೆಕೆಂಡಿಗೆ ಒಂದು ತೂಗು. ಆ ತೂಗು ನಿಧಾನವಾಗಿ ನಿಲ್ಲುವವರೆಗೆ ಸರಿಮಾಡಬೇಕು, ಇದಕ್ಕೆ ಟ್ಯೂನರ್‌ಗಿಂತ ಕಿವಿಯೇ ವಾಸಿ.

ಒಂದು ವಿಷಯ ಮಾತ್ರ ಬಹಳ ಯೋಚಿಸಿ ಬಿಟ್ಟುಬಿಟ್ಟೆ. ಹಾರ್ಮೋನಿಯಂನಲ್ಲಿ ಸಪ್ತಕವನ್ನು ಸಮನಾಗಿ ಹನ್ನೆರಡು ಪಾಲು ಮಾಡಿರುತ್ತಾರೆ. ಹಾಗಾಗಿ ಅದರ ಅಂತರ ಗಾಂಧಾರ, ತಂಬೂರಿಯಲ್ಲಿ ತಾನಾಗಿ ಕೇಳಿಸುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ಸ್ ಮೇಲೆ ನಿಲ್ಲುತ್ತದೆ (ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್). ಷಡ್ಜ, ಅಂದರೆ ಸ, 277.18 ಆದರೆ ಸಹಜ ಗಾಂಧಾರ 346.5, ಪೆಟ್ಟಿಗೆಯದ್ದು 349ರ ಮೇಲೆ. ಕಿವಿ ಸೂಕ್ಷ್ಮ ಇದ್ದವರಿಗೆ ಇದು ಕಚಗುಳಿ. ಒಂದೇ ಷಡ್ಜಕ್ಕೆ ಕೂತು ನುಡಿಸುವವರು ಆ ಗಾಂಧಾರವನ್ನು ಇಳಿಸಿಕೊಳ್ಳಬಹುದು, ಇಳಿಸಿಕೊಳ್ಳುವುದೇ ಚೆಂದ. ನಾನು ಇಳಿಸಲಿಲ್ಲ, ಯಾಕೆಂದರೆ ನನ್ನ ಆಟದಲ್ಲಿ ಷಡ್ಜ ದಿನಾ ಜಾಗ ಬದಲಿಸುತ್ತದೆ. ಇವತ್ತಿನ ಗಾಂಧಾರ ನಾಳೆ ಇನ್ನೇನೋ.

ಜಾಗ

ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಮರದ ಪೆಟ್ಟಿಗೆ ಇಟ್ಟುಕೊಳ್ಳುವುದು ಅಂದರೆ ಮಳೆಯ ಜೊತೆ ಜಗಳ. ಪುಷ್ಯ ಮಳೆ ಹೊತ್ತಿಗೆ ಬಾಗಿಲೇ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಇನ್ನು ಹಾರ್ಮೋನಿಯಂ ಮನೆಗಳು ಯಾವ ಲೆಕ್ಕ? ಒಂದು ಒತ್ತಿದರೆ ಪಕ್ಕದ್ದನ್ನೂ ಎಳೆದುಕೊಂಡು ಇಳಿಯುತ್ತದೆ, ಇಳಿದದ್ದು ಮೇಲೆ ಬರುವುದಿಲ್ಲ, ಸ್ವರ ಒಂದೇ ಸಮ ಕೂಗುತ್ತಿರುತ್ತದೆ. ಆಚಾರ್ರು ಮನೆಗಳನ್ನು ಒಂದೊಂದೇ ತೆಗೆದು, ಹೊಳಪು ಬಂದ ಕಡೆ ಮಾತ್ರ 220 ನಂಬರಿನ ಉಪ್ಪುಕಾಗದ ಆಡಿಸಿದರು. ಉಜ್ಜಿಕೊಳ್ಳುವ ಜಾಗವೇ ಹೊಳೆಯುವುದು, ಅದನ್ನು ಬಿಟ್ಟು ಬೇರೆ ಕಡೆ ಕೈ ಹಾಕಬಾರದು ಅನ್ನೋದು ಅವರ ಶಾಸ್ತ್ರ. ಈ ಕೆಲಸವನ್ನು ಮಳೆಗಾಲದಲ್ಲೇ ಮಾಡಬೇಕು ಅಂತಲೂ ಹೇಳಿದರು, ಬೇಸಿಗೆಯಲ್ಲಿ ಮಾಡಿದರೆ ಎಷ್ಟು ಉಬ್ಬುತ್ತದೆ ಅಂತ ಗೊತ್ತಾಗುವುದೇ ಇಲ್ಲ.

ಉಜ್ಜಿದ್ದು ಅರ್ಧ ಪರಿಹಾರ. ಇನ್ನರ್ಧ ಇಡುವ ಜಾಗ. ನೂರಾರು ರೂಪಾಯಿಯ ಒಂದು ತೇವಮಾಪಕ ತಂದು ಮನೆಯ ಎಲ್ಲ ಕೋಣೆಯಲ್ಲೂ ಇಟ್ಟು ನೋಡಿದೆ. ಜಗಲಿಯಲ್ಲಿ ತೇವ ಶೇಕಡಾ 90ರ ಮೇಲೆ. ನಡುಮನೆಯಲ್ಲಿ ಅದಕ್ಕಿಂತ ಒಂಚೂರು ಕಮ್ಮಿ. ಆದರೆ ಬಚ್ಚಲ ಒಲೆಯ ಗೋಡೆಯ ಈಚೆ ಬದಿ, ಅಂದರೆ ಒಲೆ ಆ ಕಡೆ, ಈ ಕಡೆ ಸಣ್ಣ ಕೋಣೆ, ಅಲ್ಲಿ 65ರ ಆಸುಪಾಸು. ಮಣ್ಣಿನ ಗೋಡೆ, ದಿನಾ ಬೆಳಿಗ್ಗೆ ಬೆಂಕಿ ಕಂಡು ಸಂಜೆವರೆಗೂ ಕೈಗೆ ಬೆಚ್ಚಗೆ ತಾಗುತ್ತದೆ. ಹೊಗೆ ಹಂಚಿನ ಸಂದಿಯಿಂದ ಆಚೆ ಹೋಗುತ್ತದೆ, ಹಬೆ ಈಚೆ ಬರುವುದಿಲ್ಲ. ಹಿಂದೆಲ್ಲ ಬೀಜದ ಬುಟ್ಟಿ, ಒಣಗದ ಬಟ್ಟೆ ಎಲ್ಲ ಅಲ್ಲೇ ಇಡುತ್ತಿದ್ದರು, ಅವರಿಗೆ ಮಾಪಕ ಬೇಕಿರಲಿಲ್ಲ ಬಿಡಿ.

ಆ ಗೋಡೆಗೆ ನಾಲ್ಕು ಬೆರಳು ಅಂತರ ಬಿಟ್ಟು ಹಲಸಿನ ಹಲಗೆಯ ಗಿಡ್ಡ ಮಂಚದಂಥದ್ದೊಂದನ್ನು ಆಚಾರ್ರು ಮಾಡಿಕೊಟ್ಟರು. ಗೋಡೆಗೇ ತಾಗಿಸಿದರೆ ಒಂದೇ ಬದಿ ಒಣಗಿ ಪೆಟ್ಟಿಗೆ ಸೀಳು ಬಿಡುತ್ತದೆ. ಎತ್ತರ, ಕಾಲುಮಣೆ ಮೇಲೆ ಕೂತರೆ ಮೊಣಕೈ ನೇರಕ್ಕೆ ಬರುವಷ್ಟು. ಹಳೇ ಮರದ ಡಬ್ಬವನ್ನೂ ಅದರ ಚಿಲಕವನ್ನೂ ಅಟ್ಟಕ್ಕೇ ವಾಪಸ್ ಕಳಿಸಿದೆ. ಮೇಲೆ ಒಂದು ಹತ್ತಿ ಬಟ್ಟೆ ಅಷ್ಟೇ, ಎಳೆದರೆ ಆಯಿತು. ಪೆಟ್ಟಿಗೆಯ ಕೆಳಗಿನ ಗೂಡಿನಲ್ಲಿ ಸಿಲಿಕಾ ಜೆಲ್ ತುಂಬಿದ ಬಟ್ಟೆ ಚೀಲ, ಕಿತ್ತಳೆ ಬಣ್ಣದ್ದು. ಹಸಿರಾಯಿತು ಅಂದರೆ ನೀರು ಕುಡಿದಿದೆ, ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಕೈಯಾಡಿಸಿದರೆ ಮತ್ತೆ ಕಿತ್ತಳೆ. ಬಾಣಲೆ ಅಡುಗೆಯದ್ದಲ್ಲ, ಬೇರೆಯದ್ದು. ಈ ಬಗ್ಗೆ ಮನೆಯಲ್ಲಿ ಮಾತುಕತೆ ಆಗಿದೆ.

ಈ ಜಾಗದ ಇನ್ನೊಂದು ಲಾಭ ನಾನು ಲೆಕ್ಕ ಹಾಕಿ ಮಾಡಿದ್ದಲ್ಲ. ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕುವುದು ಮನೆಯಲ್ಲಿ ನನ್ನ ಕೆಲಸ. ಹಂಡೆ ನೀರು ಕಾಯುವವರೆಗೆ ದೂರ ಹೋಗುವ ಹಾಗಿಲ್ಲ, ಆಗಾಗ ಕಟ್ಟಿಗೆ ಮುಂದೆ ತಳ್ಳಬೇಕು. ಮೊದಲು ಆ ಹೊತ್ತಲ್ಲಿ ಫೋನ್ ನೋಡುತ್ತಿದ್ದೆ. ಈಗ ಗೋಡೆಯ ಈಚೆ ಬಂದು ಕೂರುತ್ತೇನೆ. ನೀರು ಕಾದರೆ ಅಭ್ಯಾಸ ಮುಗಿಯಿತು, ಗಡಿಯಾರ ನೋಡುವುದಿಲ್ಲ.

ಐದು ಕಪ್ಪು ಮನೆ

ಕೂತ ಮೇಲೆ ಏನು ನುಡಿಸಲಿ ಅಂತ ಯೋಚಿಸುತ್ತಾ ಕೂತರೆ ನೀರು ಕುದಿದು ಹೋಗುತ್ತದೆ. ಅದಕ್ಕೇ ಆಯ್ಕೆಯನ್ನೇ ಕಮ್ಮಿ ಮಾಡಿಕೊಂಡೆ. ಬಿಳಿ ಮನೆ ಮುಟ್ಟುವ ಹಾಗಿಲ್ಲ. ಒಂದು ಸಪ್ತಕದಲ್ಲಿ ಕಪ್ಪು ಮನೆ ಐದೇ, ಜೋಡಿ ಕಪ್ಪಿನ ಎಡದ್ದರಿಂದ ಶುರುಮಾಡಿ 1ರಿಂದ 5 ಅಂತ ಎಣಿಸುವುದು. ಆ ಐದರಲ್ಲಿ ಯಾವುದನ್ನು ಷಡ್ಜ ಅಂತ ಹಿಡಿಯುತ್ತೀರೋ ಅದರ ಮೇಲೆ ಬೇರೆ ಬೇರೆ ರಾಗದ ಸ್ವರಗಳು ಸಿಗುತ್ತವೆ. ಕರ್ನಾಟಕ ಸಂಗೀತದಲ್ಲಿ ಇದಕ್ಕೆ ಗ್ರಹಭೇದ ಅನ್ನುತ್ತಾರೆ.

ಕಪ್ಪು 1 ಷಡ್ಜವಾದರೆ ಸ ರಿ ಮ ಪ ಧ, ಶುದ್ಧ ಸಾವೇರಿ, ಹಿಂದೂಸ್ತಾನಿಯವರ ದುರ್ಗಾ. ಕಪ್ಪು 2 ಆದರೆ ಸ ಗ ಮ ಪ ನಿ, ಶುದ್ಧ ಧನ್ಯಾಸಿ. ಕಪ್ಪು 3 ಆದರೆ ಸ ರಿ ಗ ಪ ಧ, ಎಲ್ಲರಿಗೂ ಗೊತ್ತಿರುವ ಮೋಹನ. ಕಪ್ಪು 4 ಆದರೆ ಸ ರಿ ಮ ಪ ನಿ, ಮಧ್ಯಮಾವತಿ. ಕಪ್ಪು 5 ಆದರೆ ಸ ಗ ಮ ಧ ನಿ, ಹಿಂದೋಳ, ಅಂದರೆ ಮಾಲಕೌಂಸ್. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು. ಗಮಕ ಇಲ್ಲದೆ ಇದು ರಾಗವೇ ಅಲ್ಲ, ಬರೀ ಸ್ವರ ಅಂತ ನೀವು ಹೇಳಿದರೆ ಒಪ್ಪುತ್ತೇನೆ. ನನಗೆ ಬೇಕಾದ್ದು ಅಷ್ಟೇ.

ಹಿಂದೆ ಒಂದೇ ಸಮ ನುಡಿಯುತ್ತಿರುವ ಶ್ರುತಿಗೆ ಆ ದಿನದ ಷಡ್ಜ, ಪಂಚಮ ಎರಡನ್ನೂ ಕೆಳಗಿನ ಸಪ್ತಕದಲ್ಲಿ ಒತ್ತಿ, ಅಡಿಕೆ ಹಾಳೆಯ ತೆಳು ಚೂರನ್ನು ಪಕ್ಕದ ಸಂದಿಗೆ ಸಿಕ್ಕಿಸಿದರೆ ಮನೆ ಮೇಲೆ ಬರುವುದಿಲ್ಲ. ಹಿಂದೋಳಕ್ಕೆ ಪಂಚಮ ಇಲ್ಲ, ಶುಕ್ರವಾರ ಮಧ್ಯಮ ಒತ್ತಬೇಕು. ಹಾಳೆಯೇ ಯಾಕೆ ಅಂದರೆ ಅದು ಮರದ ಅಂಚನ್ನು ಗೀರುವುದಿಲ್ಲ, ಮತ್ತೆ ನಮ್ಮಲ್ಲಿ ಅದಕ್ಕೆ ಬರವಿಲ್ಲ.

ತಾಳದ ಚೌಕಟ್ಟು ಭಾಮಿನಿ ಷಟ್ಪದಿಯದ್ದು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕದ ಊರು (ಇದು ಸ್ವರದ ಗಮಕವಲ್ಲ, ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆ), ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತ್ತು. ಈ ಕಡೆಯವರ ಕಿವಿಗೆ ಆ ಮೂರು ನಾಲ್ಕರ ನಡೆ ಹೇಳಿಕೊಡದೆಯೇ ಬಂದಿರುತ್ತದೆ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ತಕಿಟ ತಕದಿಮಿ ತಕಿಟ ತಕದಿಮಿ. ಒಂದು ಸಾಲಿಗೆ ಹದಿನಾಲ್ಕು. ನನ್ನ ನಿಯಮ ಇಷ್ಟೇ: ಎರಡು ಸಾಲು, ಮೊದಲನೆಯದು ಷಡ್ಜದಲ್ಲಿ ನಿಲ್ಲಬಾರದು, ಎರಡನೆಯದು ನಿಲ್ಲಬೇಕು. ಒಂದು ಸೋಮವಾರದ್ದು ಹೀಗಿತ್ತು, ಅಲ್ಪವಿರಾಮ ಇದ್ದ ಕಡೆ ಹಿಂದಿನ ಸ್ವರ ಎಳೆಯುವುದು:

ಸರಿಮ ಪಪಧಪ ಮಪಮ ರಿರಿಮ,
ಪಧಪ ಮಪಮರಿ ಮರಿಮ ರಿರಿಸ,

ಮಹಾ ಏನಲ್ಲ. ಆದರೆ ಅದೇ ವಾರ ಗುರುವಾರ, ಬೆರಳಿಗೆ ಇದೇ ಓಡಾಟ ನೆನಪಿತ್ತು, ಒತ್ತಿಟ್ಟ ಶ್ರುತಿ ಮಾತ್ರ ಕಪ್ಪು 4ಕ್ಕೆ ಹೋಗಿತ್ತು. ಅದೇ ಮನೆಗಳು, ಅದೇ ಬೆರಳು. ಈಗ ಅದು ಮಪನಿ ಸಸರಿಸ ನಿಸನಿ ಪಪನಿ, ಅಂತ ಕೇಳಿಸಿತು. ಸೋಮವಾರ ಮನೆಗೆ ಬಂದು ಮುಟ್ಟಿದಂತಿದ್ದ ಕೊನೆಯ ಸ್ವರ ಗುರುವಾರ ಮಧ್ಯಮವಾಗಿ, ಇನ್ನೂ ಏನೋ ಹೇಳಲಿದೆ ಅನ್ನುವ ಹಾಗೆ ತೂಗುತ್ತಾ ನಿಂತಿತು. ಗ್ರಹಭೇದ ಅಂತ ಪುಸ್ತಕದಲ್ಲಿ ಓದಿದ್ದು ನನಗೆ ನಿಜವಾಗಿ ಅರ್ಥವಾದದ್ದು ಅಂದು, ಹಂಡೆಯ ಪಕ್ಕ.

ಕಟ್ಟಿದ ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ, ಏರೋಪ್ಲೇನ್ ಮೋಡ್ ಹಾಕಿ. ಸ್ವರವನ್ನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತೇನೆ. ಕೆಟ್ಟದಾಗಿದ್ದರೂ ಹೊಡೆದು ಹಾಕುವುದಿಲ್ಲ, ತಿದ್ದುವುದೂ ಇಲ್ಲ, ನಾಳೆಗೆ ನಾಳೆಯದ್ದೇ ಇದೆ. ಶನಿವಾರ ಆ ವಾರದ್ದೆಲ್ಲ ಕೇಳುವುದು. ಭಾನುವಾರ ಪೆಟ್ಟಿಗೆ ಮಗಳದ್ದು. "ಅಪ್ಪಾ, ಬಿಳಿ ಮನೆ ಪಾಪ ಅಲ್ವಾ?" ಅಂತ ಅವಳು ಬಿಳಿಯನ್ನೇ ಹಿಡಿದು ಬಡಿಯುತ್ತಾಳೆ, ಅವಳ ಕಟ್ಟಳೆ ಬೇರೆ.

ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಬೆಳಗಿನ ಜಾವಕ್ಕೇ ಅಡಿಕೆ ಬೇಯಿಸುವ ಒಲೆ, ರಾತ್ರಿ ಸುಲಿಯುವವರ ಊಟ ತಿಂಡಿ, ಹಂಡೆಗೆ ಬೆಂಕಿ ಹಾಕುವವರು ಬೇರೆ ಯಾರೋ. ಆಗ ಎರಡು ಸಾಲು ಇಲ್ಲ, ಒಂದೇ ಒಂದು ಏಳು ಮಾತ್ರೆಯ ತುಂಡು. ಹೋಗುವಾಗ ಬಟ್ಟೆ ಎಳೆದು, ನಿಂತ ಕಾಲಲ್ಲಿ ಬಗ್ಗಿ, ತಕಿಟ ತಕದಿಮಿ ಅಂತ ಒತ್ತಿ ಹೋಗುವುದು. ಮೊದಲ ಒತ್ತಿಗೆ ದನಿ ಬರುವುದರಿಂದ ಇದಾದರೂ ಆಗುತ್ತದೆ. ಡಬ್ಬದೊಳಗೆ ಇದ್ದಿದ್ದರೆ ಆಗುತ್ತಿರಲಿಲ್ಲ.

ಬಾಕಿ ಕೆಲಸ

ಕೆಳ ಸಪ್ತಕದ ಕಪ್ಪು 5ರ ಬಾಸ್ ರೀಡಿನ ನಾಲಿಗೆಯಲ್ಲಿ ಬುಡದ ಹತ್ತಿರ ಕೂದಲಿನಂಥ ಬಿರುಕು ಕಾಣಿಸಿದೆ. ಬಿರುಕು ಬಿಟ್ಟ ನಾಲಿಗೆಗೆ ರಿಪೇರಿ ಇಲ್ಲ, ಶ್ರುತಿ ದಿನಾ ಇಳಿಯುತ್ತಾ ಬಂದು ಒಂದು ದಿನ ಮುರಿಯುತ್ತದೆ. ಬದಲಿ ರೀಡು ತರಿಸಬೇಕು. ಬರೀ ಸ್ವರ ಹೇಳಿದರೆ ಸಾಲದು, ತಟ್ಟೆಯ ಉದ್ದ, ಅಗಲ, ಎರಡು ಸ್ಕ್ರೂ ತೂತುಗಳ ನಡುವಿನ ಅಂತರ ಎಲ್ಲ ಹೊಂದಬೇಕು, ಹಳೇ ಪೆಟ್ಟಿಗೆಗಳಲ್ಲಿ ಇದು ಒಂದೊಂದು ಥರ. ಹಳೆಯದನ್ನು ಬಿಚ್ಚಿ ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಅಳತೆ ಬರೆದಿಟ್ಟಿದ್ದೇನೆ. ಹೊಸದು ಬರುವವರೆಗೆ ಆ ಜಾಗದ ತೂತಿಗೆ ತೊಗಲಿನ ಚೂರು ಅಂಟಿಸಿ ಮುಚ್ಚಿದ್ದು, ಶುಕ್ರವಾರದ ಹಿಂದೋಳಕ್ಕೆ ಬಾಸ್ ಸ್ಟಾಪ್ ಒಳಗೆ ತಳ್ಳಿ ಬರೀ ಮೇಲ್ ರೀಡಿನಲ್ಲಿ ಶ್ರುತಿ ಹಿಡಿಯುತ್ತಿದ್ದೇನೆ. ದನಿ ಸ್ವಲ್ಪ ತೆಳು, ನಡೆಯುತ್ತದೆ.